ಹುಳದ ಮನೆ

ನಮ್ಮ ಭಾಷೆಯಲ್ಲಿ ಹುಳಕ್ಕೆ ಅಂಥ ಮರ್ಯಾದೆಯೇನೂ ಇಲ್ಲ. ಯಾರಾದರೂ ಇಲ್ಲದ ಯೋಚನೆ ಹಚ್ಚಿದರೆ ‘ತಲೆಗೆ ಹುಳ ಬಿಟ್ಟರು’ ಅನ್ನುತ್ತೇವೆ. ಮೂರು ಹೊತ್ತೂ ಓದುವ ಹುಡುಗಿಯನ್ನು ಪುಸ್ತಕದ ಹುಳು ಎಂದು ಆಡಿಕೊಳ್ಳುತ್ತೇವೆ. ಇನ್ನು ಅಡಿಗೆಮನೆಯ ಮಾತು ಕೇಳುವುದೇ ಬೇಡ. ಅಕ್ಕಿಯಲ್ಲಿ ಹುಳ, ಅವರೆಕಾಯಿಯಲ್ಲಿ ಹುಳ, ಬದನೆಕಾಯಿಯಲ್ಲಿ ಹುಳ. ಹೆಂಗಸರಿಗೆ ಹುಳ ಎಂದರೆ ಮೊರ ಹಿಡಿದು ಬಿಸಿಲಿನಲ್ಲಿ ಕೂರುವ ಇನ್ನೊಂದು ಕೆಲಸ, ಅಷ್ಟೆ.

ಕವಿಗಳು ಈ ವಿಷಯದಲ್ಲಿ ಜಾಣರು. ರೆಕ್ಕೆ ಇರುವುದನ್ನು ತಾವು ಇಟ್ಟುಕೊಂಡು, ರೆಕ್ಕೆ ಇಲ್ಲದ್ದನ್ನು ನಮ್ಮ ಮೊರಕ್ಕೆ ಬಿಟ್ಟರು. ಹತ್ತನೇ ಶತಮಾನದ ಪಂಪನಿಗೆ ಬನವಾಸಿಯಲ್ಲಿ ಮತ್ತೆ ಹುಟ್ಟುವ ಆಸೆಯಾದಾಗ ನೆನಪಾದದ್ದು ದುಂಬಿಯ ಮರಿ ಮತ್ತು ಕೋಗಿಲೆ. ಬೇಂದ್ರೆಯವರು ಮಕ್ಕಳಿಗೆಂದು ಬರೆದದ್ದು ಪಾತರಗಿತ್ತಿಯ ಮೇಲೆ. ಪಾತರಗಿತ್ತಿ ಎಂದರೆ ಉತ್ತರ ಕರ್ನಾಟಕದಲ್ಲಿ ಚಿಟ್ಟೆ. ಕುಣಿಯುವ ಹೆಣ್ಣು ಎಂಬ ಅರ್ಥವೂ ಅದಕ್ಕಿದೆ. ಭರತನಾಟ್ಯ ಕಲಿಯುವ ಮಕ್ಕಳು ಬೆರಳು ಮಡಿಸಿ ಹಿಡಿಯುವ ಮುದ್ರೆಗಳಲ್ಲಿ ‘ಭ್ರಮರ’ ಎಂಬುದೊಂದು ಇದೆ, ಗೊತ್ತಲ್ಲ? ಅಂದರೆ ಹಾರುವ ಹುಳಕ್ಕೆ ಕಾವ್ಯದಲ್ಲೂ ರಂಗದ ಮೇಲೂ ಜಾಗ ಸಿಕ್ಕಿದೆ. ತೆವಳುವ ಹುಳವನ್ನು ಕೇಳಿದವರು ಯಾರು?

ಒಬ್ಬಳು ಕೇಳಿದಳು. ಅವಳ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಆ ಹುಳದ ಪರಿಚಯ ಆಗಲಿ.

ನಾನು ಹುಟ್ಟಿ ಬೆಳೆದದ್ದು ಮಂಡ್ಯ ತಾಲ್ಲೂಕಿನ ದುದ್ದದಲ್ಲಿ. ಮಂಡ್ಯ ಎಂದರೆ ಹೊರಗಿನವರಿಗೆ ಕಬ್ಬು, ಬೆಲ್ಲ, ನಾಲೆಯ ನೀರು. ಆದರೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ಮಕ್ಕಳ ಸ್ಕೂಲಿನ ಫೀಜು, ಹೆಣ್ಣುಮಕ್ಕಳ ಮದುವೆ, ಅಜ್ಜನ ಆಪರೇಷನ್ನು ಇವೆಲ್ಲ ನಡೆದದ್ದು ರೇಷ್ಮೆ ಹುಳದಿಂದ. ಕಬ್ಬಿನ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಬರದೆಯೂ ಇರುತ್ತದೆ. ರೇಷ್ಮೆಯದು ಹಾಗಲ್ಲ. ಮೊಟ್ಟೆ ತಂದ ನಲವತ್ತು ದಿನದೊಳಗೆ ಗೂಡು ರಾಮನಗರದ ಮಾರುಕಟ್ಟೆಗೆ ಹೋಗಿ ಕೈಗೆ ಕಾಸು ಬರುತ್ತದೆ. ಹಾಗಾಗಿ ನಮ್ಮ ಕಡೆ ಹೆಂಗಸರಿಗೆ ರೇಷ್ಮೆ ಹುಳದ ಮೇಲೆ, ಸೀರೆಯ ಕಾರಣಕ್ಕಲ್ಲ, ಬೇರೆ ಥರದ ಗೌರವ.

ನಮ್ಮ ಮನೆಯಲ್ಲಿ ಹುಳದ ಯಜಮಾನಿಕೆ ದೊಡ್ಡವ್ವನದು. ಒಂದು ಚಿಟ್ಟೆ ಸುಮಾರು ನಾಲ್ಕೈದು ನೂರು ಮೊಟ್ಟೆ ಇಡುತ್ತದೆ. ನೂರು ಚಿಟ್ಟೆಯ ಮೊಟ್ಟೆ ತಂದರೆ ನಲವತ್ತು ಸಾವಿರಕ್ಕೂ ಮೇಲೆ ಹುಳ ಆಯಿತು. ಅಷ್ಟು ಮಕ್ಕಳ ತಾಯಿ ನಮ್ಮ ದೊಡ್ಡವ್ವ! ಮೊದಲು ಕಣ್ಣಿಗೆ ಕಾಣದಷ್ಟು ಚಿಕ್ಕ ಕಪ್ಪು ಹುಳ. ಅವಕ್ಕೆ ಎಳೆಯ ಸೊಪ್ಪನ್ನು ತಂಬಾಕಿನ ಹಾಗೆ ಸಣ್ಣಗೆ ಕತ್ತರಿಸಿ ಉದುರಿಸಬೇಕು. ಒಂದು ತಿಂಗಳಾಗುವುದರೊಳಗೆ ಹುಟ್ಟಿದಾಗಿನ ಹತ್ತು ಸಾವಿರ ಪಟ್ಟು ತೂಕಕ್ಕೆ ಬೆಳೆದು ಬೆರಳುದ್ದ ಆಗುತ್ತವೆ. ನಡುವೆ ನಾಲ್ಕು ಸಲ ಪೊರೆ ಬಿಡುತ್ತವೆ. ಅದಕ್ಕೆ ನಮ್ಮಲ್ಲಿ ‘ಜ್ವರ’ ಎನ್ನುತ್ತಾರೆ. ‘ಹುಳ ಎರಡ್ನೇ ಜ್ವರಕ್ಕೆ ಹೋಗವೆ’ ಎಂದರೆ ಮೇವು ಹಾಕುವ ಹಾಗಿಲ್ಲ, ತಟ್ಟೆ ಅಲುಗಿಸುವ ಹಾಗಿಲ್ಲ. ಇಡೀ ತಟ್ಟೆಯ ಹುಳಗಳು ತಲೆ ಎತ್ತಿಕೊಂಡು ಯಾರನ್ನೋ ಧ್ಯಾನಿಸುವ ಹಾಗೆ ಅಲ್ಲಾಡದೆ ನಿಂತುಬಿಡುತ್ತವೆ.

ನಾವು ಹುಡುಗಿಯರು ಅದನ್ನೇ ಆಟ ಮಾಡಿಕೊಂಡಿದ್ದೆವು. ಒಬ್ಬಳು ‘ಜ್ವರ ಬಂತು!’ ಎಂದು ಕೂಗಿದ ಕೂಡಲೇ ಎಲ್ಲರೂ ಕತ್ತೆತ್ತಿ ನಿಂತ ಹಾಗೇ ನಿಲ್ಲಬೇಕು. ರೆಪ್ಪೆ ಹೊಡೆದವಳು ಔಟು. ‘ಜ್ವರ ಎದ್ತು!’ ಎಂದರೆ ಕೈಗೆ ಸಿಕ್ಕಿದ ಸೊಪ್ಪನ್ನು ತಿನ್ನುವ ಹಾಗೆ ಬಾಯಿ ಆಡಿಸಬೇಕು. ‘ಹಣ್ಣಾಯ್ತು!’ ಎಂದರೆ ತಲೆಯನ್ನು 8ರ ಆಕಾರದಲ್ಲಿ ತಿರುಗಿಸುತ್ತಾ ಗೂಡು ಕಟ್ಟಬೇಕು. ದೊಡ್ಡವ್ವನ ಮಗಳು, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳಾದ ನಮ್ಮಕ್ಕ, ಹಳೆಯ ಸೀರೆಯೊಂದನ್ನು ಮೈಗೆ ಸುತ್ತುತ್ತಾ ಸುತ್ತುತ್ತಾ ಪೂರ್ತಿ ಕಾಣದಂತಾಗಿ ನೆಲಕ್ಕೆ ಉರುಳಿಬಿಡುತ್ತಿದ್ದಳು. ಒಳಗಿನಿಂದ ಉಸಿರಿನ ಸದ್ದು ಮಾತ್ರ ಬರುತ್ತಿತ್ತು. ಸಣ್ಣ ಮಕ್ಕಳು ಹೆದರಿ ಅತ್ತದ್ದೂ ಉಂಟು.

ನಾಲ್ಕನೇ ಜ್ವರ ಎದ್ದ ಮೇಲೆ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಹುಳ ತನ್ನ ಜನ್ಮದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಭಾಗಕ್ಕೂ ಹೆಚ್ಚನ್ನು ಆ ಒಂದು ವಾರದಲ್ಲೇ ತಿಂದು ಮುಗಿಸುತ್ತದೆ. ಆಗ ಹುಳದ ಮನೆಯ ಕದ ತೆಗೆದರೆ ಹೆಂಚಿನ ಮೇಲೆ ಮಳೆ ಬಿದ್ದಂಥ ಸದ್ದು. ಒಗ್ಗರಣೆ ವಾಸನೆ ಒಳಗೆ ಹೋಗಬಾರದು, ಬೀಡಿ ಸೇದಿದವರು ಬರಬಾರದು, ಹೊರಗಿನವರು ಕಾಲಿಡಬಾರದು, ಮುಟ್ಟಾದವರು ಸುಳಿಯಬಾರದು. ಸೊಪ್ಪು ಹಾಕಲು ಜನ ಸಾಲದಾದಾಗ ಮಾತ್ರ ಈ ಕೊನೆಯ ನಿಯಮ ಯಾರಿಗೂ ನೆನಪಾಗುತ್ತಿರಲಿಲ್ಲ. 1980ರಲ್ಲಿ ಊಜಿ ನೊಣ ನಮ್ಮ ರಾಜ್ಯಕ್ಕೆ ಬಂದ ಮೇಲೆ ಕಿಟಕಿಗೆಲ್ಲ ಬಲೆ ಬಂತು. ಆ ನೊಣ ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ, ಅದರ ಮರಿ ಹುಳವನ್ನು ಒಳಗಿನಿಂದಲೇ ತಿನ್ನುತ್ತದೆ. ಸುಣ್ಣಕಟ್ಟು, ಹಾಲುತೊಂಡೆ, ಸಪ್ಪೆರೋಗ, ಗಂಟುರೋಗ ಎಲ್ಲದರ ಕಣ್ಣು ತಪ್ಪಿಸಿ ಹುಳವನ್ನು ಗೂಡಿಗೆ ಏರಿಸುವುದೆಂದರೆ ಎಳೆಗೂಸನ್ನು ಸಾಕಿದಂತೆಯೇ.

ಕಡೆಗೆ ಹುಳದ ಮೈ ಹಣ್ಣಾಗಿ ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುವಂತಾಗುತ್ತದೆ. ಒಂದೊಂದನ್ನೇ ಆರಿಸಿ ಚಂದ್ರಿಕೆಗೆ ಬಿಡಬೇಕು. ಬಿದಿರಿನ ಸುರುಳಿಯ ನಡುವೆ ಜಾಗ ಮಾಡಿಕೊಂಡು ಹುಳ ತಲೆ ಆಡಿಸಲು ಶುರುಮಾಡಿತೆಂದರೆ ಎರಡು ಮೂರು ದಿನ ನಿಲ್ಲಿಸುವುದಿಲ್ಲ. ಬಾಯಿಂದ ಬರುವ ಎಳೆ ಒಂದೇ. ತಳಿ ನೋಡಿಕೊಂಡು ನಾಲ್ಕೈದು ನೂರು ಮೀಟರಿನಿಂದ ಸಾವಿರ ಮೀಟರು ದಾಟುವವರೆಗೂ ಬರುತ್ತದೆ. ಅಷ್ಟುದ್ದಕ್ಕೆ ಎಲ್ಲೂ ತುಂಡಿಲ್ಲ, ಗಂಟಿಲ್ಲ.

ಈಗ ಆ ಒಬ್ಬಳ ಮಾತು. ಹನ್ನೆರಡನೇ ಶತಮಾನದ ಮಹಾದೇವಿಯಕ್ಕ ಈ ಹುಳವನ್ನು ‘ತೆರಣಿಯ ಹುಳು’ ಎಂದು ಕರೆದು ಒಂದು ವಚನ ಮಾಡಿದ್ದಾಳೆ. ಹುಳು ಸ್ನೇಹದಿಂದ ತನ್ನ ಮನೆಯನ್ನು ತಾನೇ ಕಟ್ಟಿಕೊಂಡು, ತನ್ನ ನೂಲೇ ತನ್ನನ್ನು ಸುತ್ತಿಕೊಂಡು ಸಾಯುವಂತೆ ನಾನೂ ಮನಸ್ಸಿನ ಬಯಕೆಯಲ್ಲಿ ಬೇಯುತ್ತಿದ್ದೇನೆ, ಇದನ್ನು ಕಳೆದು ದಾರಿ ತೋರು ಎಂದು ಚೆನ್ನಮಲ್ಲಿಕಾರ್ಜುನನನ್ನು ಬೇಡುವ ವಚನ ಅದು. ಆ ‘ಸ್ನೇಹ’ ಎಂಬ ಮಾತನ್ನು ಗಮನಿಸಿ. ಸ್ನೇಹವೆಂದರೆ ಪ್ರೀತಿಯೂ ಹೌದು, ಜಿಡ್ಡೂ ಹೌದು. ಹಣ್ಣು ಹುಳವನ್ನು ಕೈಯಲ್ಲಿ ಹಿಡಿದವರಿಗೆ ಈ ಎರಡೂ ಅರ್ಥ ಬೆರಳಿಗೇ ಅಂಟುತ್ತವೆ. ಎಳೆಗೆ ಎಳೆ ಅಂಟಿ ಗೂಡು ಗಟ್ಟಿಯಾಗುವುದು ಆ ಜಿಡ್ಡಿನಿಂದಲೇ. ಮೈಮೇಲಿನ ಬಟ್ಟೆಯನ್ನೇ ಬಿಟ್ಟು ಹೊರಟಳೆಂದು ನಾವು ಕೇಳಿರುವ ಹೆಣ್ಣು ಪಟ್ಟೆ ನೂಲಿನ ಹುಳವನ್ನು ಇಷ್ಟು ಹತ್ತಿರದಿಂದ ನೋಡಿದ್ದಳಲ್ಲ ಎಂದು ನನಗೆ ಈಗಲೂ ಆಶ್ಚರ್ಯ. ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಅವರು 1973ರಲ್ಲಿ ‘ಸ್ಪೀಕಿಂಗ್ ಆಫ್ ಶಿವ’ ಎಂಬ ಪುಸ್ತಕದಲ್ಲಿ ಈ ವಚನವನ್ನು ಇಂಗ್ಲಿಷಿಗೆ ತಂದರು. ಹಾಗೆ ನಮ್ಮ ತೆರಣಿಯ ಹುಳು ಸಮುದ್ರ ದಾಟಿತು.

ಹೈಸ್ಕೂಲಿನಲ್ಲಿ ನಮಗೆ ಇದನ್ನು ಪಾಠ ಮಾಡಿದ ಮೇಷ್ಟ್ರು, ‘ಸಂಸಾರ ಅನ್ನೋದು ಹೀಗೇ, ನಾವೇ ಕಟ್ಟಿಕೊಂಡು ನಾವೇ ಸಾಯೋದು’ ಎಂದು ಅರ್ಥ ಹೇಳಿದರು. ಸಂಜೆ ಸೊಪ್ಪು ಬಿಡಿಸುತ್ತಾ ನಾನು ಅದನ್ನು ದೊಡ್ಡವ್ವನಿಗೆ ಒಪ್ಪಿಸಿದೆ. ಅವಳು ಕೈ ನಿಲ್ಲಿಸಿದಳು.

“ಅದ್ಯಾರವ್ವ ಹೇಳ್ದೋರು, ಹುಳ ತಾನಾಗೇ ಸಾಯ್ತದೆ ಅಂತ? ಸುಮ್ಕೆ ಬಿಟ್ರೆ ಹತ್ತು ಹನ್ನೆರಡು ದಿನಕ್ಕೆ ಗೂಡು ತೂತ್ ಮಾಡ್ಕೊಂಡು ಚಿಟ್ಟೆಯಾಗಿ ಈಚೆ ಬರ್ತದೆ. ಎಳೆ ಕಿತ್ತೋಗ್ಬಾರ್ದು ಅಂತ ನಾವು ಮಾರ್ತೀವಿ, ಅವ್ರು ಬೇಯಿಸ್ತಾರೆ. ಮನೆ ಕಟ್ಕಂಡಿದ್ದು ಹುಳದ ತಪ್ಪಾ?”

ಆಕೆ ಹೇಳಿದ್ದು ನಿಜ. ಗೂಡಿನೊಳಗೆ ಹುಳ ಸಾಯುವುದಿಲ್ಲ, ಕೋಶವಾಗಿ ಮಲಗುತ್ತದೆ. ಚಿಟ್ಟೆಯಾದ ಮೇಲೆ ಒಂದು ತುದಿಯನ್ನು ತನ್ನ ಬಾಯಿನೀರಿನಿಂದ ಮೆತ್ತಗೆ ಮಾಡಿ ತಲೆ ಹೊರಗೆ ಹಾಕುತ್ತದೆ. ಆದರೆ ಹಾಗೆ ತೂತಾದ ಗೂಡಿನಿಂದ ಒಂದೇ ಎಳೆಯಾಗಿ ನೂಲು ಬಿಚ್ಚಲು ಬರುವುದಿಲ್ಲ. ಹತ್ತಿಯ ಹಾಗೆ ಹೊಸೆದು ನೂಲಬೇಕು, ಬೆಲೆಯೂ ಕಡಿಮೆ. ಅದಕ್ಕೇ ಚಿಟ್ಟೆ ಹೊರಡುವ ಮೊದಲೇ ಗೂಡು ರೀಲರ್ ಕೈ ಸೇರಿ ಬಿಸಿಗೆ ಬೀಳುತ್ತದೆ. ಮಹಾದೇವಿಯಕ್ಕ ತನ್ನ ಬಯಕೆಯ ಲೆಕ್ಕವನ್ನು ತಾನು ಹೇಳಿಕೊಂಡಳು. ದೊಡ್ಡವ್ವ ಮಾರುಕಟ್ಟೆಯ ಲೆಕ್ಕ ಹೇಳಿದಳು. ಇಬ್ಬರೂ ನೋಡಿದ ಹುಳ ಒಂದೇ. ‘ದಾರಿ ತೋರು’ ಎಂದು ಕೇಳಿದ ಕವಿಗೆ ಗೂಡಿಗೊಂದು ದಾರಿ ಇರಲೇಬೇಕೆಂಬ ನಂಬಿಕೆಯಂತೂ ಇತ್ತು ಎಂದು ನನಗನ್ನಿಸುತ್ತದೆ.

ಈ ಮಾತಿನ ತೂಕ ಏನೆಂದು ನಮ್ಮ ಮನೆಗೆ ಗೊತ್ತಾದದ್ದು 1984ರಲ್ಲಿ. ಸೀರೆ ಸುತ್ತಿಕೊಂಡು ಉರುಳುತ್ತಿದ್ದ ನಮ್ಮಕ್ಕ ಮದುವೆಯಾಗಿ ನಾಲ್ಕು ವರ್ಷಕ್ಕೆ, ಒಂದು ಬಟ್ಟೆಗಂಟಿನ ಜೊತೆ ಊರಿಗೆ ಬಂದಿಳಿದಳು. ತೋಳಿನ ಮೇಲಿನ ಗುರುತುಗಳನ್ನು ಅವಳು ತೋರಿಸಲಿಲ್ಲ, ನೀರು ಹಾಕುವಾಗ ನಾವೇ ಕಂಡೆವು. ಎರಡೇ ದಿನಕ್ಕೆ ಗಂಡನ ಕಡೆಯವರೂ ನಮ್ಮ ಕಡೆಯ ಹಿರಿಯರೂ ಜಗುಲಿಯ ಮೇಲೆ ಸೇರಿದರು. ಹುಳ ಹಣ್ಣಾಗಿದ್ದ ದಿನ ಅದು. ಒಳಗೆ ದೊಡ್ಡವ್ವ ಚಂದ್ರಿಕೆಗೆ ಹುಳ ಬಿಡುತ್ತಿದ್ದಳು. ಹೊರಗೆ ಗಂಡಸರು ಸಂಸಾರದ ಎಳೆ ಹರಿಯಬಾರದು, ಹೆಂಗಾದರೂ ಹೊಂದಿಕೊಂಡು ಹೋಗಬೇಕು ಎಂದು ತೀರ್ಮಾನ ಮಾಡುತ್ತಿದ್ದರು. ಎಳೆ ಎಂಬ ಮಾತು ಕಿವಿಗೆ ಬಿದ್ದಿತೋ ಏನೋ, ದೊಡ್ಡವ್ವ ಅಂಟು ಕೈಯಲ್ಲೇ ಬಾಗಿಲಿಗೆ ಬಂದಳು.

“ನಾನು ಮಗಳ್ನ ಕೊಟ್ಟಿದ್ದು ಬಾಳ್ವೆ ಮಾಡ್ಲಿ ಅಂತ. ಬೇಯ್ಸಿ ನೂಲು ತಕ್ಕಳ್ಳಿ ಅಂತ ರೀಲರಿಗೆ ಮಾರಿಲ್ಲ” ಎಂದಳು. ಅಷ್ಟೇ ಹೇಳಿ ಒಳಗೆ ಹೋಗಿ ಉಳಿದ ಹುಳ ಆರಿಸಲು ಕೂತಳು. ಹಣ್ಣು ಹುಳ ಪಂಚಾಯ್ತಿ ಮುಗಿಯುವ ತನಕ ಕಾಯುವುದಿಲ್ಲವಲ್ಲ.

ಅಕ್ಕ ಹಿಂತಿರುಗಿ ಹೋಗಲಿಲ್ಲ. ಹಾಗೆಂದು ಎಲ್ಲ ಸುಸೂತ್ರವಾಯಿತೆಂದಲ್ಲ. ಎಷ್ಟೋ ವರ್ಷ ಮದುವೆ ಮನೆಗಳಲ್ಲಿ ಆರತಿ ತಟ್ಟೆ ಅವಳ ಕೈ ತಪ್ಪಿಸಿ ಹೋಗುತ್ತಿತ್ತು. ಅವಳು ಹೊಲಿಗೆ ಕಲಿತಳು, ಬಿಟ್ಟಿದ್ದ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸು ಮಾಡಿದಳು, ಆಮೇಲೆ ದೊಡ್ಡವ್ವನ ಹುಳದ ಮನೆಯನ್ನೇ ವಹಿಸಿಕೊಂಡಳು. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯವರು 1997ರಲ್ಲಿ ಬಿಡುಗಡೆ ಮಾಡಿದ ವಿ-1 ಎಂಬ ಹಿಪ್ಪುನೇರಳೆ ತಳಿಯನ್ನು ತಂದು ನಾಟಿ ಮಾಡಿಸಿದವಳು ಅವಳೇ.

ಇಷ್ಟೆಲ್ಲ ನೆನಪಾಗಲು ಕಾರಣ ನನ್ನ ಮಗಳು. ಚಿತ್ರಕಲೆ ಓದುವ ಅವಳು, ಹೋದ ವರ್ಷ ನನ್ನ ಜೊತೆ ದುದ್ದಕ್ಕೆ ಬಂದಾಗ, ತೊಂಬತ್ತರ ಹತ್ತಿರವಿರುವ ದೊಡ್ಡವ್ವನ ಪಕ್ಕ ಕೂತು ಫೋನಿನಲ್ಲಿ ಒಂದೊಂದೇ ಚಿತ್ರ ತೋರಿಸಿ ಕತೆ ಹೇಳುತ್ತಿದ್ದಳು. ಈ ಕಾಲದ ಕಲಾವಿದರು ಬಣ್ಣ ಕುಂಚ ಬಿಟ್ಟು ತಮ್ಮ ಮೈಯನ್ನೂ, ಜೀವಂತ ಹುಳಗಳನ್ನೂ ಕಲೆಗೆ ತಂದಿದ್ದಾರಂತೆ. ಚೀನಾದ ಝಾಂಗ್ ಹುವಾನ್ ಎಂಬಾತ 1994ರಲ್ಲಿ ಬೀಜಿಂಗಿನ ಒಂದು ಸಾರ್ವಜನಿಕ ಕಕ್ಕಸಿನಲ್ಲಿ ಮೈಗೆ ಜೇನುತುಪ್ಪ, ಮೀನೆಣ್ಣೆ ಬಳಿದುಕೊಂಡು ನೊಣ ಮುತ್ತಿಸಿಕೊಂಡು ಒಂದು ಗಂಟೆ ಕೂತಿದ್ದನಂತೆ. ದೊಡ್ಡವ್ವ ಮೂಗಿನ ಮೇಲೆ ಬೆರಳಿಟ್ಟಳು. “ಒಂದ್ ಗಂಟೆಗೆ ಇಷ್ಟೊಂದು ಹೆಸ್ರಾ? ನಮ್ಮ ಆಲೆಮನೇಲಿ ಬೆಲ್ಲ ತೆಗೆಯೋರು ದಿನಗಟ್ಲೆ ಕೂರ್ತಾರೆ, ಒಬ್ರೂ ಪಟ ತೆಗೀನಿಲ್ಲ” ಎಂದಳು.

ರೇಷ್ಮೆ ಹುಳದ ಚಿತ್ರ ಬಂದಾಗ ಮಾತ್ರ ಕನ್ನಡಕ ತರಿಸಿಕೊಂಡಳು. ಶೂ ಬಿಂಗ್ ಎಂಬ ಇನ್ನೊಬ್ಬ ಚೀನೀ ಕಲಾವಿದ 1994ರಿಂದೀಚೆಗೆ ರೇಷ್ಮೆ ಚಿಟ್ಟೆಗಳನ್ನು ಖಾಲಿ ಪುಸ್ತಕದ ಹಾಳೆಗಳ ಮೇಲೆ ಬಿಟ್ಟು ಮೊಟ್ಟೆ ಇಡಿಸಿದ್ದಾನೆ. ದೂರದಿಂದ ನೋಡಿದರೆ ಯಾವುದೋ ಭಾಷೆಯ ಅಕ್ಷರ ಅಚ್ಚಾದಂತೆ ಕಾಣುತ್ತದೆ. ದಿನ ತುಂಬಿದಾಗ ಮೊಟ್ಟೆಯೊಡೆದು ಅಕ್ಷರಗಳೇ ಹುಳವಾಗಿ ಹರಿದುಹೋಗುತ್ತವೆ. ನನಗಂತೂ ಪುಸ್ತಕದ ಹುಳು ಎಂಬ ಬೈಗುಳಕ್ಕೆ ಕಡೆಗೂ ಒಂದು ಮಾನ ಬಂತು ಅನ್ನಿಸಿತು. ಲಿಯಾಂಗ್ ಶಾವೋಜಿ ಎಂಬ ಮತ್ತೊಬ್ಬ 1989ರಿಂದ ಹುಳ ಸಾಕಿಕೊಂಡೇ ಕಲೆ ಮಾಡುತ್ತಿದ್ದಾನೆ. ಕಬ್ಬಿಣದ ಸರಪಳಿಗಳ ಮೇಲೆ ಹುಳ ಬಿಟ್ಟು ನೂಲು ಸುತ್ತಿಸುತ್ತಾನೆ. ಹುಳದ ಸದ್ದನ್ನು ಸುಮ್ಮನೆ ಕೂತು ಕೇಳಲೆಂದೇ ಜನರಿಗೆ ಜಾಗ ಮಾಡಿಕೊಟ್ಟಿದ್ದಾನೆ. ಆ ಮಳೆ ಸದ್ದನ್ನು ನಿದ್ದೆಗಣ್ಣಿನಲ್ಲಿ ಕೇಳುತ್ತಾ ದೊಡ್ಡವ್ವ ಐವತ್ತು ವರ್ಷ ಕಳೆದಿದ್ದಾಳೆ. ಅವಳಿಗೂ ಆ ಸದ್ದು ಬರೀ ಕೆಲಸದ ಸದ್ದಾಗಿರಲಿಲ್ಲ ಎಂದು ನಾನು ಬಲ್ಲೆ. ಕೆಲವು ರಾತ್ರಿ ಸೊಪ್ಪು ಹಾಕಿ ಮುಗಿದ ಮೇಲೂ ಲಾಟೀನು ಸಣ್ಣಗೆ ಮಾಡಿಕೊಂಡು ಅಲ್ಲೇ ಕೂತಿರುತ್ತಿದ್ದಳು.

ಅಮೆರಿಕದ ಜೆನ್ ಬರ್ವಿನ್ ಎಂಬ ಕವಿಯ ಕೆಲಸ ಇನ್ನೂ ವಿಚಿತ್ರ. ರೇಷ್ಮೆಯನ್ನು ನಮ್ಮ ಮೈ ದೂರ ತಳ್ಳುವುದಿಲ್ಲ, ಹಾಗಾಗಿ ಅದರಿಂದ ಮೈಯೊಳಗೇ ಇಡಬಹುದಾದ ತೆಳು ಪೊರೆ ಮಾಡುವ ಪ್ರಯೋಗ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ನಡೆಯುತ್ತದೆ. ಆಕೆ ಅಲ್ಲಿನ ವಿಜ್ಞಾನಿಗಳ ಜೊತೆ ಸೇರಿ ಅಂಥ ಪೊರೆಯ ಮೇಲೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರಗಳಲ್ಲಿ ಒಂದು ಕವಿತೆ ಬರೆದಳು. ಕವಿತೆಯಲ್ಲಿ ಮಾತಾಡುವುದು ಹುಳವೇ. ರೇಷ್ಮೆಯ ವಂಶವಾಹಿಯ ಸರಪಳಿಯಲ್ಲಿ ಆರಾರರ ಕಟ್ಟು ಮತ್ತೆ ಮತ್ತೆ ಬರುವಂತೆ ಅಕ್ಷರಗಳನ್ನೂ ಆರಾರಾಗಿ ಕಟ್ಟಿದ್ದಾಳೆ. ಹುಳ ತಲೆ ಆಡಿಸುತ್ತಾ ಎಳೆ ಹಾಕುವ ದಾರಿಯಲ್ಲೇ ಸಾಲುಗಳು ಓಡುತ್ತವೆ. 2017ರಲ್ಲಿ ಅದು ‘ಸಿಲ್ಕ್ ಪೊಯಮ್ಸ್’ ಎಂಬ ಪುಸ್ತಕವೂ ಆಯಿತು. ಮಹಾದೇವಿಯಕ್ಕ ಹುಳದ ಹಾಗೆ ನಾನು ಎಂದಳು. ಎಂಟು ನೂರು ವರ್ಷ ಕಳೆದ ಮೇಲೆ ಇನ್ನೊಬ್ಬ ಹೆಂಗಸು ಹುಳಕ್ಕೇ ‘ನಾನು’ ಎನ್ನುವ ಅವಕಾಶ ಕೊಟ್ಟಳು. ಇದನ್ನು ಪ್ರಯೋಗ ಎಂದು ಕರೆಯಲಿ, ಹುಚ್ಚು ಎಂದು ಕರೆಯಲಿ, ಹೊಸ ದಾರಿ ಹುಡುಕಲು ಇಬ್ಬರೂ ಕೇಳಿದ್ದು ಒಂದು ಹುಳವನ್ನು.

ಕಡೆಯ ಚಿತ್ರ 2013ರದು. ನೆರಿ ಆಕ್ಸ್‌ಮನ್ ಮತ್ತು ಅವರ ಸಂಗಡಿಗರು ಅಮೆರಿಕದ ಎಂ.ಐ.ಟಿ.ಯಲ್ಲಿ ಯಂತ್ರದಿಂದ ರೇಷ್ಮೆ ದಾರದ ಒಂದು ದೊಡ್ಡ ಗುಮ್ಮಟದ ಚೌಕಟ್ಟು ಕಟ್ಟಿಸಿ, ಅದರ ಮೇಲೆ 6,500 ರೇಷ್ಮೆ ಹುಳ ಬಿಟ್ಟರು. ಹುಳಗಳು ಗೂಡು ಕಟ್ಟಲಿಲ್ಲ. ಚೌಕಟ್ಟಿನ ಮೇಲೆ ಓಡಾಡುತ್ತಾ ನೂಲನ್ನು ಹಾಳೆಯ ಹಾಗೆ ಹರಡಿದವು. ನೂಲು ಮುಗಿದ ಮೇಲೆ ಗೂಡಿಲ್ಲದೆಯೇ ಕೋಶವಾದವು, ಚಿಟ್ಟೆಯೂ ಆದವು. ಒಂದನ್ನೂ ಬೇಯಿಸದೆ ರೇಷ್ಮೆ ಸಿಕ್ಕಿತು. ನನ್ನ ಮಗಳು ಇದನ್ನು ದೊಡ್ಡ ಗುಟ್ಟು ಬಿಚ್ಚಿಡುವ ಹಾಗೆ ಹೇಳಿದಳು.

“ಇದ್ಯಾವ ಹೊಸದು ಮಗ?” ಅಂದಳು ದೊಡ್ಡವ್ವ. “ಚಂದ್ರಿಕೆಗೆ ಹಾಕೋದು ಒಸಿ ತಡ ಆಗಿ ತಟ್ಟೇಲೇ ಉಳ್ಕಂಡ ಹುಳ ಹಂಗೇ ಮಾಡೋದು. ಮೂಲೆ ಸಿಗ್ಲಿಲ್ಲ ಅಂದ್ರೆ ಗೂಡ್ ಹೆಂಗ್ ಕಟ್ತದೆ? ಚಾಪೆ ಹಾಸ್ದಂಗೆ ಹಾಸ್ಬಿಡ್ತದೆ. ನಾವು ಅದನ್ನ ಹಾಳು ಅಂತ ತಿಪ್ಪೆಗೆ ಎಸೀತಿದ್ವಿ.”

ಮೂಲೆ ಸಿಕ್ಕಿದ್ದಕ್ಕೆ ಗೂಡು, ಸಿಗದಿದ್ದರೆ ಚಾಪೆ. ಚಂದ್ರಿಕೆಯ ಸುರುಳಿ ಹೆಣೆದವರು ನಾವು, ಎಳೆ ತುಂಡಾಗಬಾರದೆಂದು ಬಯಸಿದವರು ನಾವು. ಹುಳಕ್ಕೆ ಬೇಕಾದದ್ದು ತನ್ನೊಳಗಿನ ಸ್ನೇಹವನ್ನು ಹೊರಗೆ ಹಾಕುವುದಷ್ಟೆ. ಹೆಣ್ಣುಮಕ್ಕಳ ವಿಷಯದಲ್ಲೂ ಮನೆ ಕಟ್ಟುವ ಆಸೆಯನ್ನು ಬಂಧನವೆಂದು ಹಳಿಯುವವರು, ಆ ಮನೆಗೆ ಬಾಗಿಲು ಇಡಿಸದವರು ಯಾರು ಎಂದು ಕೇಳುವುದೇ ಇಲ್ಲ.

ಸಾವಿರಾರು ವರ್ಷ ಮನುಷ್ಯರ ಕೈಯಲ್ಲಿ ಬೆಳೆದು ರೇಷ್ಮೆ ಚಿಟ್ಟೆ ಹಾರುವುದನ್ನು ಮರೆತಿದೆ. ರೆಕ್ಕೆ ಇದೆ, ಬಡಿಯುತ್ತದೆ, ಮೇಲೇಳುವುದಿಲ್ಲ. ತಿನ್ನಲು ಬಾಯಿಯೂ ಇಲ್ಲ. ಕೆಲವು ದಿನ ಬದುಕಿ, ಮೊಟ್ಟೆ ಇಟ್ಟು ಸಾಯುತ್ತದೆ. ಮಗಳಿಗೆ ಇದು ಗೊತ್ತಾಗಿ ಮುಖ ಸಣ್ಣದಾಯಿತು. ಹಾಗಾದರೆ ಹೊರಗೆ ಬಂದು ಏನು ಬಂತು ಎಂದು ಕೇಳಿದಳು.

ಅಷ್ಟು ಹೊತ್ತೂ ಮಾತಾಡದೆ ಸೊಪ್ಪಿನ ಕಡ್ಡಿ ಜೋಡಿಸುತ್ತಿದ್ದ ಅಕ್ಕ ತಲೆ ಎತ್ತಿದಳು. ಚಂದ್ರಿಕೆಯಿಂದ ಗೂಡು ಬಿಡಿಸುವಾಗ ಒಂದೆರಡು ಮೂಲೆಯಲ್ಲಿ ಕಣ್ತಪ್ಪಿ ಉಳಿಯುತ್ತವೆ, ಅವುಗಳಿಂದ ಚಿಟ್ಟೆ ಬಂದರೆ ಅವಳು ಓಡಿಸುವುದಿಲ್ಲ, ಕಿಟಕಿಯ ಹಲಗೆಯ ಮೇಲೆ ಬಿಟ್ಟಿರುತ್ತಾಳೆ.

“ಹಾರಕ್ಕೆ ಬರಲ್ಲ ಕಣೆ, ನಿಜ” ಎಂದಳು. “ಆದ್ರೆ ಈಚೆ ಬಂದ ತಕ್ಷಣ ರೆಕ್ಕೆ ಒಣಗಿಸ್ಕತದೆ ನೋಡು, ಹಾರೋ ಹುಳದ ಹಂಗೇ. ಅಷ್ಟೊತ್ತು ಅದು ಯಾರಿಗೂ ನೂಲು ಕೊಡ್ಬೇಕಾಗಿಲ್ಲ.”

ಹುಳಗಳಿಗೆ ಮೇವಿನ ಹೊತ್ತಾಗಿತ್ತು. ಅವಳು ಸೊಪ್ಪಿನ ಹೊರೆ ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮಳೆ ಶುರುವಾದ ಸದ್ದು ಕೇಳಿಸಿತು.